ಮೂರನೆಯ ಸಾಲಿನಲ್ಲಿ ಕೂತ ಫೋಟೋಗ್ರಾಫರ್

ಚಿಂತೆ ಮಾಡುವುದನ್ನು ಯಾರಾದರೂ ಒಂದು ಉದ್ಯೋಗವೆಂದು ಒಪ್ಪಿಕೊಂಡಿದ್ದರೆ ನಾನು ಈ ಹೊತ್ತಿಗೆ ಮುಂಬಯಿಯ ಘಾಟ್ಕೋಪರ್‌ನ ಗಣ್ಯರಲ್ಲಿ ಒಬ್ಬನಾಗಿರುತ್ತಿದ್ದೆ. ರಿಕ್ಷಾ ಹತ್ತುವಾಗ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ, ಇಳಿಯುವಾಗ ಮನೆಯ ಬೀಗದ ಚಿಂತೆ, ಇವೆರಡೂ ಇಲ್ಲದ ದಿನ ಇವತ್ತು ಏನನ್ನು ಮರೆತಿದ್ದೇನೆ ಎಂಬ ಚಿಂತೆ. ನನ್ನ ಕಸುಬೂ ಈ ಸ್ವಭಾವಕ್ಕೆ ತಕ್ಕುದೇ. ನಾನು ಮದುವೆ, ಮುಂಜಿ, ನಾಮಕರಣಗಳ ಫೋಟೋ ತೆಗೆಯುವವನು. ಯಾರ ಕೈಕೆಳಗೂ ಇಲ್ಲ, ಯಾವ ಸ್ಟುಡಿಯೋದವನೂ ಅಲ್ಲ. ಕರೆದವರ ಮನೆಗೆ ಕ್ಯಾಮೆರಾ ಹೊತ್ತುಕೊಂಡು ಹೋಗುವವನು. ಮಾಲೆ ಬೀಳುವ ಆ ಅರ್ಧ ಗಳಿಗೆ ಕೈತಪ್ಪಿದರೆ 'ದಯವಿಟ್ಟು ಇನ್ನೊಮ್ಮೆ ಮದುವೆಯಾಗಿ' ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಎರಡು ಕ್ಯಾಮೆರಾ, ನಾಲ್ಕು ಬ್ಯಾಟರಿ, ಒಂದು ಪೊಟ್ಟಣ ಹುಣಸೆಹಣ್ಣಿನ ಗೋಲಿ ಇಲ್ಲದೆ ನಾನು ಹೊಸ್ತಿಲು ದಾಟಿದವನಲ್ಲ. ಗೋಲಿ ಯಾಕೆಂದು ಕೇಳಬೇಡಿ. ವಧುವಿಗೆ ತಲೆಸುತ್ತು ಬಂದರೆ ಎಂಬ ಚಿಂತೆ.

ಆಗಬಹುದಾದ ಎಲ್ಲ ಅನಾಹುತಕ್ಕೂ ಮುಂಗಡವಾಗಿಯೇ ಹೆದರಿಟ್ಟುಕೊಂಡವನಿಗೆ ಆಘಾತ ಎಂಬುದು ಆಗಲೇಬಾರದು. ಲೆಕ್ಕದ ಪ್ರಕಾರ ಅದು ಸರಿ. ಆದರೆ ನಾನು ಹತ್ತು ಬಾಗಿಲಿಗೆ ಕಾವಲು ನಿಂತರೆ ಆಘಾತ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು, ಚಹಾ ಕುಡಿದು, ನನ್ನ ಬೆನ್ನ ಹಿಂದೆ ನಿಂತು ಕೆಮ್ಮುತ್ತದೆ. ಈ ಸಲದ ಮದುವೆ ಸೀಸನ್ನಿನಲ್ಲಿ ಅದು ಕುಂಕುಮದ ಬಟ್ಟಲು ಹಿಡಿದುಕೊಂಡು ಬಂತು.

ಚೆಂಬೂರಿನ ದೇಸಾಯಿ ದಂಪತಿ ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದಿದ್ದರು. ದೇಸಾಯರು ಬೆಳಗಾವಿ ಕಡೆಯವರು, ಚೆಂಬೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರ ಮನೆ 'ನನ್ನ ಮನೆ'. ಹೀಗೆಂದರೆ ಅಲ್ಲಿ ನನ್ನ ಪಾಲೇನೂ ಇಲ್ಲ. ನಮ್ಮ ಕಸುಬಿನಲ್ಲಿ ಒಂದು ಮನೆಯ ಎಲ್ಲ ಸಮಾರಂಭಕ್ಕೂ ಒಬ್ಬನೇ ಫೋಟೋ ತೆಗೆಯುತ್ತ ಬಂದರೆ ಅದು ಅವನ ಮನೆ. ದೇಸಾಯರ ಮಗಳು ಅನಘಾಳ ನಾಮಕರಣಕ್ಕೆ ಫೋಟೋ ತೆಗೆದವನು ನಾನು. ಇಪ್ಪತ್ತಾರು ವರ್ಷದ ಹಿಂದಿನ ಮಾತು. ತೊಟ್ಟಿಲಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು. ರೀಲು ಮುಗಿಯುತ್ತ ಬಂದಿತ್ತು. ದಿಕ್ಕು ತೋಚದೆ ನಾನು ಎಡಗೈ ಮುಷ್ಟಿಯಲ್ಲಿ ಒಂದು ತುಂಡು ಕಲ್ಲುಸಕ್ಕರೆ ಹಿಡಿದು, ಮುಷ್ಟಿಯನ್ನು ಮೇಲೆತ್ತಿ, ಪಟ್ಟನೆ ಬಿಚ್ಚಿದೆ. ಕೂಸು ಅಳು ನಿಲ್ಲಿಸಿ ನಕ್ಕಿತು. ಕೂಸು ನಕ್ಕಿತೆಂದು ಸುತ್ತಲಿದ್ದವರೆಲ್ಲ ನಕ್ಕರು. ಬಲಗೈಯಲ್ಲಿದ್ದ ಕ್ಯಾಮೆರಾ ತನ್ನ ಕೆಲಸ ಮಾಡಿತು.

ಅವತ್ತಿನಿಂದ ಆ ಮನೆಯಲ್ಲಿ ಅದೇ ಪದ್ಧತಿ. ಹುಟ್ಟುಹಬ್ಬ, ಮಗನ ಮುಂಜಿ, ಹೊಸ ಫ್ಲ್ಯಾಟಿನ ಗೃಹಪ್ರವೇಶ, ಅಜ್ಜಿಯ ಸಹಸ್ರಚಂದ್ರದರ್ಶನ, ಏನೇ ಇರಲಿ, ನನ್ನ ಎಡ ಮುಷ್ಟಿ ಮೇಲೆದ್ದರೆ ದೇಸಾಯಿ ಕುಟುಂಬದ ಹತ್ತೊಂಬತ್ತೂ ಗದ್ದಗಳು ಮೇಲೇಳುತ್ತವೆ. ಮುಷ್ಟಿ ಬಿಚ್ಚಿದರೆ ಹತ್ತೊಂಬತ್ತೂ ಬಾಯಿಗಳು ನಗುತ್ತವೆ. ಅಜ್ಜಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಕಲ್ಲುಸಕ್ಕರೆ ನಿಂತಿತು. ಬರಿಯ ಮುಷ್ಟಿಯೇ ಸಾಕಾಗುತ್ತಿತ್ತು.

ಹೀಗಿರುವಾಗ ದೇಸಾಯರು ಅಕ್ಷತೆ ಕೊಟ್ಟು ಮದುವೆಯ ದಿನ ಹೇಳಿದ ಕೂಡಲೇ ನನ್ನ ಕೈ ಬುಕಿಂಗ್ ಡೈರಿಗೆ ಹೋದದ್ದು ಸಹಜವೇ. ದೇಸಾಯರು ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ವಸಂತರಾವ. ಈ ಸರತೆ ನೀವು ಕೆಲಸ ಮಾಡೂ ಹಂಗಿಲ್ಲ. ಕೈ ಬೀಸಿಕೋತ ಬರ್ರಿ, ಮನಿ ಮಂದಿ ಹಂಗ ಕೂಡ್ರಿ, ಬಿಸಿಬಿಸಿ ಉಣ್ರಿ."

ಇದಕ್ಕಿಂತ ಪ್ರೀತಿಯಿಂದ ಯಾರನ್ನೂ ಯಾರೂ ಕೆಲಸದಿಂದ ತೆಗೆದಿರಲಿಕ್ಕಿಲ್ಲ. ನಾನು ಡೈರಿ ಹಿಡಿದುಕೊಂಡೇ ನಿಂತಿದ್ದೆ. ನನ್ನ ಹೆಂಡತಿ ಸುನಂದಾ ಒಳಗಿನಿಂದ ಚಹಾದ ಟ್ರೇ ತರುತ್ತ, "ಡೈರಿ ಒಳಗಿಡ್ರಿ. ಅವರು ಅಕ್ಷತಿ ಕೊಡ್ಲಿಕ್ಕೆ ಬಂದಾರ" ಎಂದಳು. ದೇಸಾಯರು ಮುಜುಗರದಿಂದ ಮಗಳಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದರು.

"ಕಾಕಾ, ಪ್ಲೀಸ್ ಬುರಾ ಮತ್ ಮಾನೋ, ಸಿಟ್ಟಾಗಬ್ಯಾಡ್ರಿ ಹಾಂ," ಎಂದಳು ಅನಘಾ. "ನನಗ, ಆಕ್ಚುಲಿ, ಕ್ಯಾಂಡಿಡ್ ಬೇಕು. ಯಾರೂ ಕ್ಯಾಮೆರಾ ನೋಡಬಾರದು. ನಿಮ್ಮ ಫೋಟೋದಾಗ ಎಲ್ಲಾರೂ ಕ್ಯಾಮೆರಾನೇ ನೋಡ್ತಾರ, ನಾ?"

ಇಪ್ಪತ್ತಾರು ವರ್ಷ ನಾನು ಜೀವ ತೇಯ್ದದ್ದೇ ಎಲ್ಲರೂ ಕ್ಯಾಮೆರಾ ನೋಡಲಿ ಎಂದು. ಈಗ ಅದೇ ನನ್ನ ದೋಷ. ಒಬ್ಬ ಅಡುಗೆಯವನಿಗೆ 'ನಿಮ್ಮ ಅನ್ನ ಯಾವಾಗಲೂ ಬೆಂದೇ ಇರುತ್ತದಲ್ಲ' ಎಂದು ಹೇಳಿದ ಹಾಗಾಯಿತು. "ಆಗಲಿ ಪುಟ್ಟಿ, ಆಗಲಿ" ಎಂದೆ. ಫೋನಿನಲ್ಲಿ ಮುಖ ಕಾಣುವುದಿಲ್ಲವೆಂಬುದು ದೊಡ್ಡ ಉಪಕಾರ.

ಮರುದಿನ ಬೆಳಿಗ್ಗೆ ಭಾಸ್ಕರನ ಫೋನು. "ವಸಂತ, ಒಂದು ವಿಷಯ ಉಂಟು ಮಾರಾಯ. ಫೋನಲ್ಲಿ ಬೇಡ. ಹೋಟ್ಲಿಗೆ ಬಾ."

ಭಾಸ್ಕರ ನನ್ನ ವಾರಿಗೆಯವನು, ಉಡುಪಿ ಕಡೆಯವನು. ಬಹಳ ವರ್ಷ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಎಲ್ಲರ ಫೋನಿಗೂ ಒಳ್ಳೆಯ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಆಮೇಲೆ ನಮ್ಮಂಥವರ ಜೊತೆ ಎರಡನೆಯ ಕ್ಯಾಮೆರಾ ಹಿಡಿದು ಓಡಾಡಿಕೊಂಡಿದ್ದ. ಎಷ್ಟೋ ಮದುವೆಯಲ್ಲಿ ನನ್ನ ಜೊತೆಗಿದ್ದವನು. ಐವತ್ತು ದಾಟಿದ ಮೇಲೆ ಕೂತು ವಿಡಿಯೋ ನೋಡಿ ನೋಡಿ ಈ ಕ್ಯಾಂಡಿಡ್ ಎಂಬ ವಿದ್ಯೆ ಕಲಿತ. ನಾವೆಲ್ಲ ನಕ್ಕಿದ್ದೆವು.

ಹೋಟ್ಲು ಎಂದರೆ ಗ್ರಾಂಟ್ ರೋಡಿನ ಉಡುಪಿ ಹೋಟೆಲು. ಅಲ್ಲಿ ಮಂಗಳವಾರ ಬೆಳಿಗ್ಗೆ ಮೂಲೆಯ ಮೇಜಿನಲ್ಲಿ ನಾವು ಐದಾರು ಜನ ಫೋಟೋದವರು ಸೇರುತ್ತೇವೆ. ನಮ್ಮದು ಸಂಘವಲ್ಲ, ಅಧ್ಯಕ್ಷ, ಕಾರ್ಯದರ್ಶಿ ಯಾರೂ ಇಲ್ಲ. ಆದರೆ ಆ ಮೇಜಿಗೆ ತನ್ನದೇ ಆದ ಕಟ್ಟುಪಾಡುಗಳಿವೆ. ಇನ್ನೊಬ್ಬನ ಮನೆಯ ಕೆಲಸ ತಾನಾಗಿ ಬಂದರೂ ಅವನನ್ನು ಎದುರಿಗೆ ಕೂಡಿಸಿ ಕೇಳದೆ ಒಪ್ಪಬಾರದು. ಬದಲಿಗೆ ಹೋದವನು ಅಲ್ಲಿಯ ಅತಿಥಿಗಳಿಗೆ ತನ್ನ ನಂಬರು ಹಂಚಬಾರದು. ಇನ್ನೊಬ್ಬ ಫೋಟೋ ತೆಗೆಯುತ್ತಿರುವ ಮದುವೆಗೆ ಊಟಕ್ಕೆಂದು ಹೋದರೆ ಕ್ಯಾಮೆರಾ ಒಯ್ಯಬಾರದು, ಫೋನನ್ನೂ ಎತ್ತಬಾರದು, 'ಲೈಟ್ ಆ ಕಡೆ ಇಡು' ಎಂದು ಉಸುರಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಮುರಿದವನಿಗೆ ಶಿಕ್ಷೆಯೂ ಇಲ್ಲ. ಮುಂದಿನ ಮಂಗಳವಾರ ಅವನು ಬಂದಾಗ ಬೆಂಚಿನಲ್ಲಿ ಯಾರೂ ಸರಿದು ಜಾಗ ಕೊಡುವುದಿಲ್ಲ, ಅಷ್ಟೆ. ಹಾಗೆ ನಿಂತುಕೊಂಡೇ ಕಾಫಿ ಕುಡಿದು ಹೋದ ಒಬ್ಬನನ್ನು ನಾನು ನೋಡಿದ್ದೇನೆ.

ಅವತ್ತು ಮಂಗಳವಾರವಲ್ಲ. ಮೂಲೆಯ ಮೇಜಿನಲ್ಲಿ ಭಾಸ್ಕರ ಒಬ್ಬನೇ ಕೂತಿದ್ದ. ಇಡ್ಲಿ ಮುಟ್ಟಿರಲಿಲ್ಲ.

"ದೇಸಾಯಿಯವರ ಮನೆ ನಿನ್ನದು," ಎಂದ. "ಆ ಹುಡುಗಿಯೇ ಎಲ್ಲಿಂದಲೋ ನನ್ನ ಫೋಟೋ ನೋಡಿ ಫೋನ್ ಮಾಡಿದ್ದು. ನೀನು ಬೇಡ ಅಂದ್ರೆ ನಾನು ಇಲ್ಲಿಂದಲೇ ಆಗುದಿಲ್ಲ ಅಂತ ಹೇಳಿಬಿಡ್ತೇನೆ. ದೇವರಾಣೆ."

"ನಿನಗೆ ಬೇಕೇನು?" ಎಂದೆ.

ಅವನು ಇಡ್ಲಿಯನ್ನೇ ನೋಡಿದ. "ಇಷ್ಟು ವರ್ಷ ಬೇರೆಯವರ ಆಲ್ಬಮ್ಮಿಗೇ ತೆಗೆದದ್ದಲ್ವಾ. ಇದರಲ್ಲಿ ಮೊದಲ ಪುಟದಲ್ಲಿ ನನ್ನ ಹೆಸರು ಬರ್ತದೆ. ಹುಡುಗನ ಕಡೆಯಲ್ಲಿ ಇನ್ನೂ ಎರಡು ಮದುವೆ ಉಂಟಂತೆ. ಈ ಆಲ್ಬಮ್ ನೋಡಿ ಹೇಳ್ತಾರಂತೆ."

"ತಗೋ ಮಾರಾಯ, ಧಾರಾಳ ತಗೋ!" ಎಂದೆ. ಎಷ್ಟು ಉದಾರವಾಗಿ ಹೇಳಿದೆನೆಂದರೆ ಅವನ ಇಡ್ಲಿಯ ಬಿಲ್ಲನ್ನೂ ನಾನೇ ಕೊಟ್ಟೆ. ಅದು ಉದಾರತೆಗೆ ಕೊಟ್ಟದ್ದೋ ಬೇರೆ ಯಾತಕ್ಕೋ ಎಂದು ದಾದರ್‌ನಲ್ಲಿ ಗಾಡಿ ಬದಲಿಸುವವರೆಗೂ ಯೋಚಿಸಿದೆ. ಆಮೇಲೆ ಗರ್ದಿಯಲ್ಲಿ ಒಬ್ಬರು ಕಾಲು ತುಳಿದದ್ದರಿಂದ ಆ ವಿಚಾರಣೆ ಅಲ್ಲಿಗೇ ನಿಂತಿತು.

ಮದುವೆಯ ದಿನ ಬಂತು. ನನಗೆ ಹೊಸ ತರಹದ ಚಿಂತೆ: ಮದುವೆಯಲ್ಲಿ ಕೂಡುವುದು ಹೇಗೆ? ಇಷ್ಟು ವರ್ಷ ನಾನು ಮದುವೆಗಳಲ್ಲಿ ನಿಂತಿದ್ದೇನೆ, ಬಗ್ಗಿದ್ದೇನೆ, ಸ್ಟೂಲು ಹತ್ತಿದ್ದೇನೆ, ಒಮ್ಮೆ ಹೋಮದ ಹೊಗೆಯಲ್ಲಿ ಪುರೋಹಿತರ ಮೇಲೆ ಬಿದ್ದದ್ದೂ ಇದೆ. ಕೂತದ್ದು ಮಾತ್ರ ಇಲ್ಲ. ನನ್ನ ಸ್ವಂತ ಮದುವೆಯಲ್ಲೂ ಅಂತರಪಟ ಸರಿಯುವ ಹೊತ್ತಿಗೆ ಸುನಂದಾಳನ್ನು ನೋಡುವುದು ಬಿಟ್ಟು ಫೋಟೋಗ್ರಾಫರನಿಗೆ 'ಎಡಕ್ಕ ಬಾ, ಎಡಕ್ಕ' ಎಂದು ಸನ್ನೆ ಮಾಡುತ್ತಿದ್ದೆನಂತೆ. ಆ ಫೋಟೋ ಇದೆ. ಅದು ಮನೆಯಲ್ಲಿ ಯಾವ ಜಗಳಕ್ಕೂ ಸಾಕ್ಷಿಯಾಗಿ ಹೊರಬರುತ್ತದೆ.

ಚೆಂಬೂರಿನ ಮದುವೆ ಹಾಲಿನಲ್ಲಿ ನಮಗೆ ಮೂರನೆಯ ಸಾಲಿನ ಎಡತುದಿಯ ಕುರ್ಚಿಗಳು ಸಿಕ್ಕವು, ತುದಿಗೆ ನಾನು, ನನ್ನ ಬಲಕ್ಕೆ ಸುನಂದಾ. ಭಾಸ್ಕರ ಹೊಸ ಕಪ್ಪು ಶರ್ಟು ಹಾಕಿಕೊಂಡು ವೇದಿಕೆಯ ಮುಂದೆ ಬೆಕ್ಕಿನ ಹಾಗೆ ಸಂಚರಿಸುತ್ತಿದ್ದ. ನನ್ನನ್ನು ಕಂಡು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ. ನಾನೂ ದೊಡ್ಡ ಮನುಷ್ಯನ ಹಾಗೆ ತಲೆ ಬಗ್ಗಿಸಿದೆ. ಮಂಗಲಾಷ್ಟಕ ಆಯಿತು, ಅಕ್ಷತೆ ಬಿತ್ತು, ಅಂತರಪಟ ಸರಿಯಿತು, ಎಲ್ಲವನ್ನೂ ಅವನು ಹಿಡಿದ. ಅದು ಚೆನ್ನಾಗಿ ಬಂದಿರಬೇಕು ಎಂದು ನನಗೆ ಕೂತಲ್ಲೇ ಗೊತ್ತಾಗಿ ಲಗ್ನಪತ್ರಿಕೆಯಿಂದ ಜೋರಾಗಿ ಗಾಳಿ ಹಾಕಿಕೊಳ್ಳತೊಡಗಿದೆ. ಸೆಕೆಗೆ ಇರಬೇಕು ಎಂದುಕೊಂಡೆ. ಹಾಲಿನಲ್ಲಿ ಏಸಿ ಇದ್ದದ್ದು ಆಮೇಲೆ ಗಮನಕ್ಕೆ ಬಂತು.

ಊಟಕ್ಕೆ ಮುಂಚೆ ಎರಡೂ ಮನೆಯವರ ಗುಂಪು ಫೋಟೋ. ಬಲಗಡೆ ಹುಡುಗನ ಕಡೆಯವರು, ಪುಣೆಯವರು, ಶಿಸ್ತಾಗಿ ನಿಂತಿದ್ದರು. ಎಡಗಡೆ ನನ್ನ ದೇಸಾಯಿ ಕುಟುಂಬ. ಭಾಸ್ಕರ ಕೈ ಮುಗಿದು, "ಯಾರೂ ನನ್ನನ್ನು ನೋಡುದು ಬೇಡ. ನೀವು ನೀವೇ ಮಾತಾಡಿಕೊಳ್ಳಿ, ಆರಾಮ್ಸೆ" ಎಂದ.

ಕುರ್ಚಿಯಲ್ಲಿದ್ದ ದೇಸಾಯರ ತಾಯಿ, ಎಂಬತ್ತೆಂಟರ ಅಜ್ಜಿ, ಮಗನ ಕಡೆ ತಿರುಗಿ ಇಡೀ ಹಾಲಿಗೆ ಕೇಳುವಂತೆ, "ಫೋಟೋ ತಗೀಲಿಕ್ಕೆ ಬಂದು ನೋಡಬ್ಯಾಡ ಅಂತಾನಲ್ಲೋ ಇಂವ! ನಮ್ಮ ವಸಂತಾ ಎಲ್ಲಿ ಹೋದಾ?" ಎಂದರು.

ಅಲ್ಲಿಂದ ಮುಂದೆ ಏನಾಯಿತೆಂದು ನನಗೆ ಸ್ಪಷ್ಟವಿಲ್ಲ ಎಂದು ನಾನು ಬಹಳ ದಿನ ಹೇಳಿಕೊಂಡು ಬಂದೆ. ಇಷ್ಟು ಮಾತ್ರ ಖಂಡಿತ: ಸುನಂದಾ ನನ್ನ ಪಕ್ಕೆಗೆ ತಿವಿದು, "ಕೈ ಇಳಸ್ರೀ!" ಎಂದಳು. ನೋಡಿದರೆ ನನ್ನ ಕೈ ತಾನಾಗಿ ಮೇಲೆ ಹೋಗಿತ್ತು. ಬೆಚ್ಚಿಬಿದ್ದು ಕೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತುಬಿಟ್ಟೆ. ಆಮೇಲೆ ಊಟ. ಬಿಸಿ ಹೋಳಿಗೆ ಹೇಗಿರುತ್ತದೆಂದು ಜೀವನದಲ್ಲಿ ಮೊದಲ ಸಲ ಗೊತ್ತಾಯಿತು. ನಾಲಿಗೆ ಸುಟ್ಟಿತು.

ನಾಲ್ಕು ದಿನದ ಮೇಲೆ ದೇಸಾಯರ ಫೋನು ಬಂತು. ಧ್ವನಿ ಬಿದ್ದುಹೋಗಿತ್ತು.

"ವಸಂತರಾವ, ಗುಂಪಿನ ಫೋಟೋ ಎಲ್ಲಾ ಕೆಟ್ಟಾವ್ರಿ. ಬೀಗಿತಿ ಸಿಟ್ಟಾಗ್ಯಾರ. ಮಗಳು ಅತ್ತಾಳ. ಈ ರವಿವಾರ ನಮ್ಮ ಮನ್ಯಾಗ ಸತ್ಯನಾರಾಯಣ ಪೂಜಾ ಅದ, ಎಲ್ಲಾರೂ ಮದುವಿ ಅರಿವಿ ಉಟ್ಟು ಬರ್ತಾರ. ನೀವು ಬಂದು ಸರಿಯಾಗಿ ತಗದುಬಿಡ್ರಿ. ಆಲ್ಬಮ್ಮೂ ನೀವೇ ಮಾಡ್ರಿ. ಆ ಮನಷ್ಯಾನ ಹೆಸರು ಅದರಾಗ ಬ್ಯಾಡ."

"ಅಯ್ಯೋ ಪಾಪ! ಹಿಂಗಾತೇನ್ರಿ?" ಎಂದೆ. 'ನೋಡಿ ಹೇಳ್ತೇನ್ರಿ' ಎಂದು ಫೋನಿಟ್ಟೆ. ಅಡುಗೆಮನೆಯಿಂದ ಸುನಂದಾ, "ಏನಾತ್ರೀ, ಶಿಳ್ಳಿ ಹೊಡೀಲಿಕತ್ತೀರಿ?" ಎಂದು ಕೇಳಿದಾಗಲೇ ನಾನು ಶಿಳ್ಳೆ ಹಾಕುತ್ತಿರುವುದು ನನಗೆ ಗೊತ್ತಾದದ್ದು. ಗೆಳೆಯನ ಕೆಲಸ ಕೆಟ್ಟಿತೆಂದು ಕೇಳಿ ಶಿಳ್ಳೆ! ಆದರೂ ಪಲ್ಲವಿ ಮುಗಿಸಿಯೇ ನಿಲ್ಲಿಸಿದೆ.

ಅರ್ಧ ಗಂಟೆಯೂ ಆಗಿರಲಿಲ್ಲ, ಬೆಲ್ಲು. ಬಾಗಿಲಲ್ಲಿ ಭಾಸ್ಕರ, ಕಂಕುಳಲ್ಲಿ ಲ್ಯಾಪ್‌ಟಾಪು. ಎರಡು ದಿನ ಗಡ್ಡ ತೆಗೆದಿರಲಿಲ್ಲ. ಜಗಳಕ್ಕೆ ಬಂದಿದ್ದಾನೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಬಂದದ್ದು ಅದಕ್ಕಲ್ಲ. ಸಹಾಯ ಕೇಳಲಿಕ್ಕೆ.

"ನೀನು ಆ ಮನೆಯವರನ್ನು ಬಲ್ಲವ. ಇದು ಯಾಕೆ ಹೀಗಾಯ್ತು ಅಂತ ನೀನೇ ಹೇಳಬೇಕು ಮಾರಾಯ. ನನಗೆ ತಲೆ ಹೋಗಿದೆ," ಎಂದು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದ.

ನೋಡಿದೆ. ಬಲಗಡೆ ಪುಣೆಯವರು ತಮ್ಮ ತಮ್ಮಲ್ಲೇ ಹರಟುತ್ತ, ನಗುತ್ತ, ಬಹಳ ಸೊಗಸಾಗಿದ್ದರು. ಎಡಗಡೆ ನನ್ನ ಹತ್ತೊಂಬತ್ತು ಜನ ದೇಸಾಯಿಗಳು, ಮದುಮಗಳೂ ಸೇರಿ, ಕತ್ತು ತಿರುಗಿಸಿ, ಗದ್ದ ಮೇಲೆತ್ತಿ, ಒಟ್ಟಾಗಿ ಎಲ್ಲೋ ದೂರ ಒಂದೇ ಬಿಂದುವನ್ನು ದಿಟ್ಟಿಸುತ್ತಿದ್ದರು. ಅಷ್ಟೇ ಆಗಿದ್ದರೆ ಆ ಕಡೆ ಬೆಂಕಿ ಬಿದ್ದಿದೆ ಎಂದುಕೊಳ್ಳಬಹುದಿತ್ತು. ಆದರೆ ಎಲ್ಲರೂ ಬಾಯಿ ತುಂಬ ನಗುತ್ತಿದ್ದರು. ಹೆಣ್ಣಿನ ಕಡೆಯವರೆಲ್ಲ ಬಾಗಿಲು ನೋಡಿಟ್ಟುಕೊಂಡು, ಈಗ ಓಡೋಣವೇ, ಆಮೇಲೆ ಓಡೋಣವೇ ಎಂದು ಖುಷಿಯಿಂದ ಕಾಯುತ್ತಿರುವ ಹಾಗಿತ್ತು. ಮುಂದಿನ ಫೋಟೋ ಹಾಗೆಯೇ. ಅದರ ಮುಂದಿನದೂ ಹಾಗೆಯೇ.

"ಸ್ಟೇಜಲ್ಲಿ ನನಗೆ ಭಾರೀ ಖುಷಿ ಆದದ್ದು ಗೊತ್ತುಂಟಾ?" ಎಂದ ಭಾಸ್ಕರ. "ಯಾರೂ ಕ್ಯಾಮೆರಾ ನೋಡುದಿಲ್ಲ, ಒಳ್ಳೆ ಕ್ಯಾಂಡಿಡ್ ಆಯ್ತು ಅಂತ ತೆಗೆದದ್ದೇ ತೆಗೆದದ್ದು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದ್ರೆ ಎಲ್ಲರ ಕಣ್ಣೂ ಒಂದೇ ಕಡೆ! ಹುಡುಗನ ಅಮ್ಮ ಕೇಳಿದ್ರಂತೆ, ನಿಮ್ಮವರಿಗೆ ನಮ್ಮ ಪಕ್ಕ ನಿಲ್ಲುದೇ ಬೇಡವಾಗಿತ್ತಾ ಅಂತ. ಆ ಎರಡು ಮದುವೆ ಬಿಡು, ಹೋಯ್ತು. ಆದರೆ ಈ ಹುಡುಗಿಗೆ ನಾನು ಏನು ಮುಖ ತೋರಿಸುದು?"

ಚಹಾ ತಂದ ಸುನಂದಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ನೋಡಿ, ಯಾವ ಕಪಟವೂ ಇಲ್ಲದೆ, "ಅಯ್ಯ, ಇದು ನಾವು ಕೂತ ಜಾಗಾ ಅಲ್ಲೇನ್ರೀ?" ಎಂದಳು.

ಭಾಸ್ಕರ ಪರದೆಯಿಂದ ನಿಧಾನವಾಗಿ ನನ್ನ ಕಡೆ ತಿರುಗಿದ. ನನ್ನ ಜೊತೆ ಆ ಮನೆಯಲ್ಲಿ ಒಂದೆರಡು ಸಲ ಎರಡನೆಯ ಕ್ಯಾಮೆರಾ ಹಿಡಿದವನಿಗೆ ಮುಷ್ಟಿಯ ವಿಷಯ ವಿವರಿಸಬೇಕಾಗಿರಲಿಲ್ಲ.

"ವಸಂತ. ನಿನಗೆ ಗೊತ್ತಿತ್ತಾ?"

"ಇಲ್ಲೋ ಮಾರಾಯ!" ಎಂದೆ. "ಕೈ ತಾನಾಗಿ ಮೇಲೆ ಹೋಗಿತ್ತು. ಇವಳು ತಿವಿದದ್ದೇ ತಡ, ಕೈ ಮೇಲೆ ಕೂತುಬಿಟ್ಟೆ. ಕೇಳು ಬೇಕಾದರೆ."

"ಹೌದು, ಕೂತ್ರು," ಎಂದಳು ಸುನಂದಾ. ಅವಳು ಸುಳ್ಳು ಹೇಳುವವಳಲ್ಲ.

ಭಾಸ್ಕರ ನಂಬಿದ. ಅದೇ ಕಷ್ಟವಾಯಿತು. ಬೈದಿದ್ದರೆ ನಾನೂ ಬೈದು ಮುಗಿಸಬಹುದಿತ್ತು. ಅವನು, "ಪಾಪ, ನೀನಾದ್ರೂ ಎಂತ ಮಾಡ್ತಿ, ಅಭ್ಯಾಸ" ಎಂದು ಚಹಾ ಎತ್ತಿಕೊಂಡ.

ಅಷ್ಟರಲ್ಲಿ ನನ್ನ ಫೋನು ಬಡಕೊಂಡಿತು. ದೇಸಾಯರು. "ಹಾಂ ವಸಂತರಾವ, ಏನು ನಿಶ್ಚಯ ಮಾಡಿದ್ರಿ? ರವಿವಾರ ಬರ್ತೀರಲ್ಲ?"

ಈ ಜಾಗದಲ್ಲಿ ನಾನು ತಕ್ಷಣ ಉತ್ತರಿಸಿದೆ ಎಂದು ಬರೆದರೆ ಓದುಗರಿಗೆ ನನ್ನ ಮೇಲೆ ಗೌರವ ಹುಟ್ಟುತ್ತದೆ. ಆದರೆ ನಾನು ಎಷ್ಟು ಹೊತ್ತು ಸುಮ್ಮನಿದ್ದೆನೆಂದರೆ ದೇಸಾಯರು ಮೂರು ಸಲ 'ಹಲೋ, ಹಲೋ, ರೇಂಜ್ ಇಲ್ಲೇನ್ರಿ?' ಎಂದರು. ಆ ಮೂರು ಹಲೋಗಳ ನಡುವೆ ನಾನು ಬಹಳ ದೂರ ಹೋಗಿ ಬಂದೆ. ಇದು ನನ್ನ ಮನೆ. ನನ್ನ ಕೂಸು. ಮನೆ ತಾನಾಗಿ ವಾಪಸು ಬಂದಿದೆ. ನಾನು ಕೇಳಿ ಪಡೆದದ್ದಲ್ಲ. ಮೇಜಿನ ಯಾವ ಕಟ್ಟುಪಾಡನ್ನೂ ನಾನು ಮುರಿದಿಲ್ಲ. ಕ್ಯಾಮೆರಾ ಒಯ್ದಿಲ್ಲ, ಫೋನು ಎತ್ತಿಲ್ಲ, ಲೈಟಿನ ಬಗ್ಗೆ ಉಸುರಿಲ್ಲ. ಎದುರಿಗೆ ಭಾಸ್ಕರ ಬಿಸ್ಕೀಟನ್ನು ಚಹಾದಲ್ಲಿ ಅದ್ದಿಕೊಂಡು ಕೂತಿದ್ದ. ಅವನ ಕೈಯಲ್ಲಿದ್ದ ಬಿಸ್ಕೀಟು ಮೆತ್ತಗಾಗಿ ಮುರಿದು ಒಳಗೆ ಬಿತ್ತು. ಅವನಿಗೆ ಗೊತ್ತೇ ಆಗಲಿಲ್ಲ.

"ದೇಸಾಯರ," ಎಂದೆ. ಧ್ವನಿ ನನ್ನದೆಂದೇ ಅನ್ನಿಸಲಿಲ್ಲ. "ಫೋಟೋ ಕೆಟ್ಟದ್ದು ಭಾಸ್ಕರನಿಂದ ಅಲ್ಲ. ನನ್ನಿಂದ. ನೀವು ಎಲ್ಲಾರೂ ನನ್ನ ಕಡೆ ನೋಡ್ಲಿಕತ್ತಿದ್ರಿ. ನಾನು ಮುಷ್ಟಿ ಎತ್ತಿದ್ದೆ."

ದೇಸಾಯರು, "ಹೌದಲ್ಲೋ ಮಾರಾಯಾ!" ಎಂದರು. ಇಪ್ಪತ್ತಾರು ವರ್ಷ 'ರೀ' ಎಂದವರು ಆಘಾತದಲ್ಲಿ ಏಕವಚನಕ್ಕೆ ಇಳಿದಿದ್ದರು.

"ರವಿವಾರ ಫೋಟೋ ಭಾಸ್ಕರನೇ ತಗೀತಾನ. ಆಲ್ಬಮ್ಮಿನಾಗ ಅವನ ಹೆಸರೇ ಇರಬೇಕು. ನಾನು ಅವನ ಬೆನ್ನ ಹಿಂದ ನಿಂತಿರ್ತೇನಿ. ನೀವು ಎಲ್ಲಿ ನೋಡಬೇಕೋ ಅಲ್ಲೇ ನೋಡ್ತೀರಿ."

ಭಾಸ್ಕರ ತಲೆಯೆತ್ತಿದ. ಚಹಾದಲ್ಲಿ ಬೆರಳು ಹಾಕಿ ಬಿಸ್ಕೀಟು ಹುಡುಕತೊಡಗಿದ. ಅವನ ಕಣ್ಣು ಒದ್ದೆಯಾಗಿತ್ತು, ಬಿಸಿ ತಾಗಿರಬಹುದು.

ರವಿವಾರ ನಡೆದದ್ದು ನಮ್ಮ ಕಸುಬಿನ ಚರಿತ್ರೆಯಲ್ಲೇ ಹಿಂದೆ ನಡೆದಿರಲಿಕ್ಕಿಲ್ಲ. ದೇಸಾಯರ ಹಾಲಿನಲ್ಲಿ ಮದುವೆ ಬಟ್ಟೆಯ ಎರಡೂ ಕಡೆಯವರು. ಮುಂದೆ ಭಾಸ್ಕರ ಮೊಣಕಾಲೂರಿ ಕೂತಿದ್ದ. ಅವನ ಹಿಂದೆ ನಾನು, ಕೈಯಲ್ಲಿ ಏನೂ ಇಲ್ಲದೆ, ಪೂಜೆಯ ಬಾಳೆಕಂಬದ ಪಕ್ಕದ ಇನ್ನೊಂದು ಕಂಬದ ಹಾಗೆ ನಿಂತಿದ್ದೆ. ಅನಘಾ, "ಕಾಕಾ, ಬಟ್ ಕ್ಯಾಂಡಿಡ್ ಹಾಂ!" ಎಂದು ಕೂಗಿದಳು. ಭಾಸ್ಕರ ಕುತ್ತಿಗೆ ತಿರುಗಿಸದೆಯೇ ನನಗೆ ಆಜ್ಞೆ ಕೊಡತೊಡಗಿದ: "ಕೈ ಎತ್ತು. ಬಿಚ್ಚು. ಇಳಿಸು. ಈಗ ಅಲ್ಲಿಂದ ಹೋಗು ಮಾರಾಯ, ಬೇಗ, ಅಡುಗೆಮನೆಗೆ." ನಾನು ಓಡಿದೆ. ನಾನು ಇದ್ದಕ್ಕಿದ್ದಂತೆ ಮಾಯವಾದದ್ದಕ್ಕೆ ಅಜ್ಜಿ, "ಮತ್ತೆಲ್ಲಿ ಹೋತೋ ಇದು?" ಎಂದರು. ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಬೀಗಿತಿ ನಗುವ ಭರದಲ್ಲಿ ಅಜ್ಜಿಯ ಭುಜಕ್ಕೆ ಒರಗಿದರು. ಆ ಗಳಿಗೆಯನ್ನು ಭಾಸ್ಕರ ಹಿಡಿದ. ನಾನು ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಅಂಥದೊಂದು ಫೋಟೋ ತೆಗೆದಿಲ್ಲ. ಇದನ್ನು ಬರೆಯುವಾಗಲೂ ಪೆನ್ನು ಸ್ವಲ್ಪ ತಡೆಯುತ್ತದೆ. ಆಲ್ಬಮ್ ಆಯಿತು. ಮೊದಲ ಪುಟದಲ್ಲಿ ಅವನ ಹೆಸರಿದೆ. ಪುಣೆಯವರ ಎರಡು ಮದುವೆಗಳಲ್ಲಿ ಒಂದು ಅವನಿಗೇ ಬಂತು.

ಅದಾದ ಮೇಲಿನ ಒಂದು ಮಂಗಳವಾರ ಗ್ರಾಂಟ್ ರೋಡಿನಲ್ಲಿ ನನಗೆ ಬೆಂಚಿನ ಮೇಲೆ ಎಲ್ಲರಿಗಿಂತ ಹೆಚ್ಚು ಜಾಗ ಸಿಕ್ಕಿತು. ಭಾಸ್ಕರ ಎಲ್ಲರಿಗೂ ಕಥೆ ಹೇಳಿದ್ದ. ಬಂದ ಕೆಲಸವನ್ನು ವಾಪಸು ಕೊಟ್ಟವನು ಎಂದು ನನ್ನ ಬೆನ್ನು ತಟ್ಟಿದರು. ನಾನು 'ಅದರಲ್ಲೇನಿದೆ' ಎಂದು ಕೈಯಾಡಿಸುತ್ತ ಎರಡು ಪ್ಲೇಟು ನೀರುದೋಸೆ ತಿಂದೆ. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಆರೋಗ್ಯಕ್ಕೆ ಒಳ್ಳೆಯದಿತ್ತು.

ಎದ್ದು ಹೊರಡುವಾಗ ಭಾಸ್ಕರ ಬ್ಯಾಗಿನಿಂದ ಕಾಗದ ಸುತ್ತಿದ, ಚೌಕಟ್ಟು ಹಾಕಿದ ಒಂದು ಫೋಟೋ ತೆಗೆದು ನನ್ನ ಕೈಗಿಟ್ಟ. "ಅವತ್ತು ಗುಂಪು ಫೋಟೋ ತೆಗೆಯುವಾಗ ಸಭೆಯ ಕಡೆಗೂ ಒಂದೆರಡು ತೆಗೆದಿದ್ದೆ. ಮೊನ್ನೆ ವಿಂಗಡಿಸುವಾಗ ಸಿಕ್ಕಿತು. ನಿನ್ನದು ಒಂದೂ ಒಳ್ಳೆ ಫೋಟೋ ಇಲ್ಲ ಅಂತ ಸುನಂದಕ್ಕ ಯಾವಾಗಲೂ ಹೇಳ್ತಾರಲ್ವಾ. ಇದು ಇಟ್ಟುಕೋ." ಅಷ್ಟು ಹೇಳಿ ಸ್ಟೇಷನ್ನಿನ ಕಡೆ ನಡೆದುಬಿಟ್ಟ. ತಿರುಗಿ ನೋಡಲಿಲ್ಲ.

ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಗದ ಬಿಚ್ಚಿದೆ. ಮೂರನೆಯ ಸಾಲಿನ ಎಡತುದಿಯಲ್ಲಿ ನಾನು. ಸುನಂದಾ ತಿವಿದು ಮುಗಿಸಿ ಮುಂದೆ ನೋಡುತ್ತಿದ್ದಾಳೆ. ನಾನು ಹೇಳಿದ್ದು ಸುಳ್ಳಲ್ಲ. ಕೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತಿದ್ದೇನೆ. ಆದರೆ ಕೂತಿರುವುದು ಬಲಗೈಯ ಮೇಲೆ. ನಾನು ಯಾವತ್ತೂ ಮುಷ್ಟಿ ಎತ್ತುವುದು ಎಡಗೈಯಲ್ಲಿ. ಎಡಗೈ ಕಿವಿಯ ಪಕ್ಕದಲ್ಲಿ, ಸುನಂದಾಳಿಗೆ ಕಾಣದ ಬದಿಯಲ್ಲಿ, ಮತ್ತೆ ಮೇಲೆದ್ದಿದೆ. ಮುಷ್ಟಿ ಆಗಷ್ಟೇ ಬಿಚ್ಚುತ್ತಿದೆ. ಇನ್ನು ಮುಖ. ಇಷ್ಟು ವರ್ಷ ಸಾವಿರಾರು ಜನಕ್ಕೆ 'ಸಹಜವಾಗಿ ನಗ್ರಿ, ಸಹಜವಾಗಿ' ಎಂದು ಬಾಯಿ ನೋಯಿಸಿಕೊಂಡವನು ನಾನು. ಆ ಸಹಜವಾದ ನಗು ಹೇಗಿರುತ್ತದೆಂದು ಆ ಫೋಟೋದಲ್ಲಿ ನೋಡಿದೆ. ಅಂಥ ನಗು ಏನೂ ಗೊತ್ತಿಲ್ಲದವನ ಮುಖದಲ್ಲಿ ಬರಲಿಕ್ಕೆ ಸಾಧ್ಯವಿಲ್ಲ. ಕುರ್ಲಾ ಬಂದದ್ದು, ವಿದ್ಯಾವಿಹಾರ ಹೋದದ್ದು ಗೊತ್ತಾಗಲಿಲ್ಲ. ಘಾಟ್ಕೋಪರ್ ದಾಟಿ ವಿಕ್ರೋಳಿಯಲ್ಲಿ ಇಳಿದು ಹಿಂದೆ ಬಂದೆ.

ಭಾಸ್ಕರನಿಗೆ ಅದು ಎಂದು ಸಿಕ್ಕಿತೋ, ನಮ್ಮ ಮನೆಗೆ ಬರುವ ಮುಂಚೆಯೋ ಆಮೇಲೋ, ಕೇಳುವ ಧೈರ್ಯ ನನಗಿಲ್ಲ. ಪ್ರತಿ ಮಂಗಳವಾರ ಅವನು ಮೊದಲಿನ ಹಾಗೆಯೇ ಸರಿದು ಜಾಗ ಕೊಡುತ್ತಾನೆ.

ಚೌಕಟ್ಟನ್ನು ಕಪಾಟಿನ ಮೇಲೆ ಹಾಸಿಗೆಗಳ ಹಿಂದೆ ಬಚ್ಚಿಟ್ಟಿದ್ದೆ. ಸುನಂದಾ ಎರಡೇ ದಿನದಲ್ಲಿ ಹುಡುಕಿ, "ಅಯ್ಯ, ಎಷ್ಟು ಛಂದ ನಕ್ಕೀರಿ! ನನ್ನ ಮದುವ್ಯಾಗೂ ಹಿಂಗ ನಕ್ಕಿಲ್ಲ" ಎಂದು ಹಾಲಿನಲ್ಲಿ ಟೀವಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದಳು. ಕೈಗಳ ಕಡೆ ಅವಳು ಇನ್ನೂ ಗಮನ ಕೊಟ್ಟಿಲ್ಲ. ಬಂದವರೆಲ್ಲ ಹೊಗಳುತ್ತಾರೆ. ನಾನು ಹಾಲಿನಲ್ಲಿ ಸೋಫಾ, ಕುರ್ಚಿ, ಬಾಗಿಲ ಬಳಿಯ ಸ್ಟೂಲು, ಎಲ್ಲ ಕಡೆ ಕೂತು ಪರೀಕ್ಷಿಸಿದ್ದೇನೆ. ಫೋಟೋದೊಳಗಿನ ಆ ಮನುಷ್ಯ ಪಕ್ಕಕ್ಕೆ ನೋಡುತ್ತಿದ್ದಾನೆ. ಎಲ್ಲಿ ಕೂತರೂ ನನ್ನ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನು.